ಬೀಳ್ಕೊಡುವವರು ಯಾರು? ಮನರಂಜನಾ ಉದ್ಯಾನಗಳ ಅಭಿಮಾನಿ ಸಮುದಾಯ ಮತ್ತು ವಿದಾಯದ ಆಚರಣೆ

ಪ್ರಾಸ್ತಾವಿಕ

ಜಾನಪದ ಅಧ್ಯಯನದಲ್ಲಿ ‘ಜನಪದ’ ಎಂಬ ಪದದ ಅರ್ಥವ್ಯಾಪ್ತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳಷ್ಟು ವಿಸ್ತಾರಗೊಂಡಿತು. ಗ್ರಾಮವಾಸಿಗಳು, ಅನಕ್ಷರಸ್ಥರು, ರೈತಾಪಿ ಜನ ಎಂಬ ಹಳೆಯ ಎಲ್ಲೆಗಳನ್ನು ದಾಟಿ, ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡು ತನ್ನದೆಂದು ಹೇಳಿಕೊಳ್ಳಬಲ್ಲ ಪರಂಪರೆಯನ್ನು ಪಡೆದಿರುವ ಯಾವ ಗುಂಪಾದರೂ ಜನಪದವೇ ಎಂಬ ವಿಚಾರವನ್ನು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1965ರಲ್ಲಿ ಮಂಡಿಸಿದರು. ಎ.ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ ಮೌಖಿಕ ಕಥೆಗಳ ಇಂಗ್ಲಿಷ್ ಸಂಕಲನವನ್ನು, ಸಂಗ್ರಾಹಕರ ಮರಣಾನಂತರ 1997ರಲ್ಲಿ, ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಅವರೊಡನೆ ಸಂಪಾದಿಸಿದವರೂ ಇದೇ ಡಂಡೆಸ್ ಎಂಬುದನ್ನು ಕನ್ನಡ ಜಾನಪದದ ವಿದ್ಯಾರ್ಥಿಗಳು ಬಲ್ಲರು. ಈ ವಿಸ್ತೃತ ನೆಲೆಯನ್ನು ಒಪ್ಪಿಕೊಂಡಾಗ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಟಿಕೆಟ್ಟು ಕೊಂಡು ಒಳಹೋಗಿ, ಸಂಜೆಗೆ ಹೊರಬರುವ ಗ್ರಾಹಕರ ಗುಂಪನ್ನು ಜನಪದವೆಂದು ಕರೆಯಲು ಸಾಧ್ಯವೆ? ಸಾಧ್ಯವಾದರೆ, ಗ್ರಾಹಕರು ಜನಪದವಾಗುವ ಘಳಿಗೆ ಯಾವುದು?

ಅಮೆರಿಕ ಮತ್ತು ಜಪಾನ್ ದೇಶಗಳ ಮನರಂಜನಾ ಉದ್ಯಾನಗಳು ಹಾಗೂ ಥೀಮ್ ಪಾರ್ಕುಗಳ ಅಭಿಮಾನಿ ಸಮುದಾಯಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇಂಥ ಸಮುದಾಯಗಳು ತಮ್ಮ ಪ್ರೀತಿಯ ಸ್ಥಳಕ್ಕೆ, ಸವಾರಿಗೆ, ಕೊನೆಗೆ ತಮ್ಮ ಕೂಟಕ್ಕೇ ವಿದಾಯ ಹೇಳುವ ಸಂದರ್ಭವೇ ಅವುಗಳ ನಿಜಸ್ವರೂಪ ಪ್ರಕಟವಾಗುವ ಸಂದರ್ಭ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ಸಮುದಾಯದ ಸ್ವರೂಪ

ಮನರಂಜನಾ ಉದ್ಯಾನಕ್ಕೂ ಥೀಮ್ ಪಾರ್ಕಿಗೂ ಸ್ಥೂಲವಾದ ವ್ಯತ್ಯಾಸವೊಂದಿದೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಜಾರ್ಜ್ ಟಿಲ್ಯು 1897ರಲ್ಲಿ ಆರಂಭಿಸಿದ ಸ್ಟೀಪಲ್‌ಚೇಸ್ ಪಾರ್ಕಿನಂಥ ಹಳೆಯ ಉದ್ಯಾನಗಳು ಬಗೆಬಗೆಯ ಸವಾರಿಗಳನ್ನು ಒಂದು ಆವರಣದಲ್ಲಿ ಒಟ್ಟುಗೂಡಿಸಿದವು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ತೆರೆದ ಡಿಸ್ನಿಲ್ಯಾಂಡ್ ಈ ಸವಾರಿಗಳನ್ನು ಕಥನದ ಎಳೆಯಲ್ಲಿ ಪೋಣಿಸಿತು. ಮೊದಲನೆಯದರಲ್ಲಿ ಯಂತ್ರ ಪ್ರಧಾನ, ಎರಡನೆಯದರಲ್ಲಿ ಕಥೆ ಪ್ರಧಾನ. ಆದರೆ ಎರಡರ ಸುತ್ತಲೂ ಬೆಳೆದ ಅಭಿಮಾನಿ ಬಳಗಗಳ ಲಕ್ಷಣ ಬಹುಮಟ್ಟಿಗೆ ಒಂದೇ ಆಗಿದೆ.

ಈ ಬಳಗಗಳಿಗೆ ಸಂಘಟಿತ ರೂಪ ಬಂದದ್ದು 1970ರ ದಶಕದಿಂದೀಚೆಗೆ. ಅಮೆರಿಕದ ಕ್ಯಾರೋಸೆಲ್ ಪ್ರಿಯರ ರಾಷ್ಟ್ರೀಯ ಸಂಘ 1973ರಲ್ಲಿಯೂ ರೋಲರ್ ಕೋಸ್ಟರ್ ಪ್ರಿಯರ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಸಂಸ್ಥೆ 1978ರಲ್ಲಿಯೂ ಹುಟ್ಟಿದವು. ಇವುಗಳ ಸದಸ್ಯರಿಗೆ ತಮ್ಮದೇ ಆದ ಪರಿಭಾಷೆ ಇದೆ. ತಾವು ಏರಿದ ಬೇರೆ ಬೇರೆ ಕೋಸ್ಟರುಗಳನ್ನು ಇವರು ‘ಕ್ರೆಡಿಟ್’ ಎಂದು ಎಣಿಸಿಕೊಳ್ಳುತ್ತಾರೆ; ಗಾಡಿಯ ಯಾವ ಆಸನದಲ್ಲಿ ಕುಳಿತರೆ ಇಳಿಜಾರಿನ ಅನುಭವ ಹೇಗೆ ಬದಲಾಗುತ್ತದೆಂಬುದನ್ನು ಹೊಸಬರಿಗೆ ಹೇಳಿಕೊಡುತ್ತಾರೆ. ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಸಾಗುವ ಈ ತಿಳಿವಳಿಕೆ ಉದ್ಯಾನದ ಒಡೆಯರು ಅಚ್ಚು ಹಾಕಿಸಿ ಹಂಚುವ ಕೈಪಿಡಿಯಲ್ಲಿ ಇರುವುದಿಲ್ಲ. ಪಾರಂಪರಿಕ ಅರ್ಥದಲ್ಲಿ ಇದು ಜನಪದ ಜ್ಞಾನವೇ ಸರಿ.

ಆದರೂ ಒಂದು ಮೂಲಭೂತ ವ್ಯತ್ಯಾಸವನ್ನು ಮರೆಯುವಂತಿಲ್ಲ. ಊರ ಜಾತ್ರೆಯ ಬಯಲು ಊರಿನದು. ತೇರೆಳೆಯುವ ಹಕ್ಕು, ಪೂಜೆಯ ಸರದಿ, ದೀವಟಿಗೆ ಹಿಡಿಯುವ ಮನೆತನ ಎಲ್ಲವೂ ಊರಿನ ನೆನಪಿನಲ್ಲಿ ನಿಗದಿಯಾಗಿರುತ್ತವೆ. ಮನರಂಜನಾ ಉದ್ಯಾನವಾದರೋ ಒಬ್ಬ ಒಡೆಯನದು ಅಥವಾ ಒಂದು ಕಂಪನಿಯದು. ಅಭಿಮಾನಿಗೆ ಅಲ್ಲಿ ಇರುವ ಹಕ್ಕು ಅಂದಿನ ಟಿಕೆಟ್ಟಿನಷ್ಟೇ. ಜಾತ್ರೆ ಮುಗಿದರೆ ಮರುವರ್ಷ ಮತ್ತೆ ಬರುತ್ತದೆ. ಉದ್ಯಾನ ಮುಚ್ಚಿದರೆ ಮುಚ್ಚಿದಂತೆಯೇ. ಈ ಅಸಹಾಯಕತೆಯ ನೆಲೆಯಿಂದಲೇ ಇವರ ವಿದಾಯವನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ.

2. ಬೀಳ್ಕೊಳ್ಳುವುದು ಮತ್ತು ಬೀಳ್ಕೊಡುವುದು

ವಿದಾಯವನ್ನು ಕುರಿತ ಕನ್ನಡದ ಪದಸಂಪತ್ತು ಈ ವಿಷಯದ ಮೇಲೆ ಬೆಳಕು ಚೆಲ್ಲುವಂತಿದೆ. ಕನ್ನಡದಲ್ಲಿ ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವನು ಬೀಳ್ಕೊಡುತ್ತಾನೆ. ‘ಕೊಳ್ಳು’ ಮತ್ತು ‘ಕೊಡು’ ಎಂಬ ಎರಡು ಕ್ರಿಯೆಗಳ ನಡುವೆ ವಿದಾಯವು ಹಂಚಿಹೋಗಿದೆ. ಅದು ಏಕಪಕ್ಷೀಯವಲ್ಲ, ಒಬ್ಬರು ಅನುಮತಿ ಪಡೆಯಬೇಕು, ಇನ್ನೊಬ್ಬರು ಅನುಮತಿ ನೀಡಬೇಕು. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ರೂಢಿಯೂ, ದೀಪ ‘ಆರಿತು’ ಎನ್ನದೆ ‘ಶಾಂತವಾಯಿತು’ ಎನ್ನುವ ರೂಢಿಯೂ ಮುಕ್ತಾಯವನ್ನು ನೇರವಾಗಿ ಉಚ್ಚರಿಸಲು ಒಪ್ಪದ ಲೋಕದೃಷ್ಟಿಯೊಂದನ್ನು ಸೂಚಿಸುತ್ತವೆ. ‘ಹೋಗಿ ಬರುತ್ತೇನೆ’ ಎಂಬ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಹೋಗುವವನು ಎಲ್ಲಿಗೇ ಹೋಗಲಿ, ಹಿಂತಿರುಗಿ ಬರಲು ಮನೆ ಅಲ್ಲಿಯೇ ಇರುತ್ತದೆ.

ಉದ್ಯಾನವೊಂದು ಮುಚ್ಚುವಾಗ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಪ್ರತಿ ಬೇಸಗೆಯಲ್ಲೂ ಬಂದು, ಪ್ರತಿ ಸಂಜೆಯೂ ಬೀಳ್ಕೊಂಡು ಹೋಗುತ್ತಿದ್ದವನು ಅತಿಥಿ. ಈಗ ಹೊರಟು ನಿಂತಿರುವುದು ಸ್ಥಳ. ಅತಿಥಿಯೇ ಉಳಿದುಕೊಂಡು ಆತಿಥೇಯನನ್ನು ಬೀಳ್ಕೊಡಬೇಕಾದ ವಿಲಕ್ಷಣ ಸನ್ನಿವೇಶವಿದು. ಬೀಳ್ಕೊಡುವ ಅಧಿಕಾರ ಮನೆಯವರದು. ಹಾಗಾದರೆ ಅಭಿಮಾನಿಯು ಬೀಳ್ಕೊಡಲು ನಿಂತ ಆ ಘಳಿಗೆಯಲ್ಲಿ ತನ್ನನ್ನು ತಾನು ‘ಮನೆಯವನು’ ಎಂದು ಘೋಷಿಸಿಕೊಂಡಂತಾಗುತ್ತದೆ. ಕಾನೂನು ಕೊಡದ ಒಡೆತನವನ್ನು ಆಚರಣೆಯು ಕೊಡುತ್ತದೆ. ಗ್ರಾಹಕನು ಜನಪದವಾಗುವುದು ಇಲ್ಲಿ.

3. ವಿದಾಯದ ಹಂತಗಳು

ಜೀವನಾವರ್ತನದ ಆಚರಣೆಗಳನ್ನು ಕುರಿತು 1909ರಲ್ಲಿ ಗ್ರಂಥ ರಚಿಸಿದ ಆರ್ನಲ್ಡ್ ವಾನ್ ಗೆನ್ನೆಪ್, ಅಂಥ ಆಚರಣೆಗಳಲ್ಲಿ ಅಗಲಿಕೆ, ನಡುವಣ ಹೊಸ್ತಿಲಿನ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದರು. ಉದ್ಯಾನಗಳ ವಿದಾಯವನ್ನೂ ಈ ಮಾದರಿಯಲ್ಲಿ ವಿಶ್ಲೇಷಿಸಬಹುದಾಗಿದೆ. ಮುಚ್ಚುವ ದಿನಾಂಕ ಪ್ರಕಟವಾದೊಡನೆ ಅಗಲಿಕೆಯ ಹಂತ ಆರಂಭವಾಗುತ್ತದೆ. ದೂರದೂರುಗಳಲ್ಲಿ ನೆಲೆಸಿದವರು ಹಿಂತಿರುಗುತ್ತಾರೆ; ತಂದೆತಾಯಿಗಳು ತಾವು ಏರಿದ ಸವಾರಿಗೆ ಮಕ್ಕಳನ್ನು ಏರಿಸುತ್ತಾರೆ. ಕೊನೆಯ ದಿನದ ಕೊನೆಯ ಗಾಡಿ ಹೊಸ್ತಿಲಿನ ಸ್ಥಿತಿ. ಅದರಲ್ಲಿ ಸ್ಥಳ ಪಡೆಯಲು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ಅಭಿಮಾನಿಗಳಲ್ಲಿ ಸರ್ವೇಸಾಮಾನ್ಯ. ಅಂದು ಅಪರಿಚಿತರು ಪರಿಚಿತರಂತೆ ಮಾತನಾಡುತ್ತಾರೆ. ವಿಕ್ಟರ್ ಟರ್ನರ್ ‘ಕಮ್ಯುನಿಟಾಸ್’ ಎಂದು ಕರೆದ ಸಮಭಾವದ ಒಡನಾಟಕ್ಕೆ ಇದು ತಕ್ಕ ನಿದರ್ಶನ.

ಮೂರನೆಯ ಹಂತವಾದ ಮರುಸೇರ್ಪಡೆಗೆ ಮಾತ್ರ ಕಾಲ ಹಿಡಿಯುತ್ತದೆ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಈರೀ ಸರೋವರದ ದಡದಲ್ಲಿದ್ದ ಯೂಕ್ಲಿಡ್ ಬೀಚ್ ಪಾರ್ಕ್ 1895ರಲ್ಲಿ ಆರಂಭವಾಗಿ 1969ರ ಸೆಪ್ಟೆಂಬರ್ 28ರಂದು ಮುಚ್ಚಿತು. ಅಲ್ಲಿದ್ದ 1910ರ ಕ್ಯಾರೋಸೆಲ್ ಮೇನ್ ರಾಜ್ಯದ ಉದ್ಯಾನವೊಂದಕ್ಕೆ ಮಾರಾಟವಾಯಿತು. ಆದರೆ ಊರಿನ ಅಭಿಮಾನಿಗಳು ಅದನ್ನು ಮರೆಯಲಿಲ್ಲ. 1997ರಲ್ಲಿ ಅದು ಕ್ಲೀವ್‌ಲ್ಯಾಂಡಿಗೆ ಹಿಂತಿರುಗಿತು. ಜೀರ್ಣೋದ್ಧಾರಗೊಂಡು 2014ರಲ್ಲಿ ಅಲ್ಲಿನ ಇತಿಹಾಸ ಸಂಸ್ಥೆಯ ಆವರಣದಲ್ಲಿ ಮತ್ತೆ ಸುತ್ತತೊಡಗಿತು. ಮುಚ್ಚಿದ ದಿನಕ್ಕೂ ಮರಳಿ ತಿರುಗಿದ ದಿನಕ್ಕೂ ನಡುವೆ ನಲವತ್ತೈದು ವರ್ಷಗಳ ಅಂತರ. ಉದ್ಯಾನದ ಹೆಬ್ಬಾಗಿಲಿನ ಕಮಾನು ಮಾತ್ರ 1973ರಲ್ಲಿ ನಗರದ ಸ್ಮಾರಕವೆಂದು ಘೋಷಿತವಾಗಿ ತನ್ನ ಸ್ಥಳದಲ್ಲಿಯೇ ಉಳಿಯಿತು. ಬಾಗಿಲು ಉಳಿದು ಮನೆ ಹೋದುದರ ಸಂಕೇತವಾಗಿ ಅದು ನಿಂತಿದೆ.

ಕೆಲವೊಮ್ಮೆ ವಸ್ತುವೊಂದು ಒಂದಕ್ಕಿಂತ ಹೆಚ್ಚು ವಿದಾಯಗಳನ್ನು ಕಾಣುತ್ತದೆ. 1907ರಲ್ಲಿ ಜರ್ಮನಿಯ ಹ್ಯೂಗೊ ಹಾಸೆ ನಿರ್ಮಿಸಿದ ‘ಎಲ್ ಡೊರಾಡೊ’ ಎಂಬ ಕ್ಯಾರೋಸೆಲ್ ಕೋನಿ ಐಲ್ಯಾಂಡಿಗೆ ಬಂದು ಸ್ಟೀಪಲ್‌ಚೇಸ್ ಪಾರ್ಕನ್ನು ಸೇರಿತು. 1964ರಲ್ಲಿ ಆ ಉದ್ಯಾನ ಮುಚ್ಚಿದ ಮೇಲೆ ಟೋಕಿಯೊ ನಗರದ ತೋಶಿಮಾಯೆನ್ ಉದ್ಯಾನ ಅದನ್ನು ಕೊಂಡು 1971ರಿಂದ ನಡೆಸಿತು. 2010ರಲ್ಲಿ ಜಪಾನಿನ ಯಾಂತ್ರಿಕ ಪರಂಪರೆಯ ಪಟ್ಟಿಗೆ ಈ ಕ್ಯಾರೋಸೆಲ್ ಸೇರಿತು. 1926ರಲ್ಲಿ ಆರಂಭವಾಗಿದ್ದ ತೋಶಿಮಾಯೆನ್ 2020ರ ಆಗಸ್ಟ್ 31ರಂದು ಮುಚ್ಚಿದಾಗ ಕ್ಯಾರೋಸೆಲ್ಲನ್ನು ಬಿಚ್ಚಿ ಕಾಪಿಡಲಾಯಿತು. ಆ ನೆಲದಲ್ಲಿ 2023ರ ಜೂನ್ ತಿಂಗಳಲ್ಲಿ ಹ್ಯಾರಿ ಪಾಟರ್ ಚಲನಚಿತ್ರಗಳ ನಿರ್ಮಾಣವನ್ನು ತೋರಿಸುವ ಪ್ರದರ್ಶನಕೇಂದ್ರ ತೆರೆಯಿತು. ಮೂರು ಭೂಖಂಡಗಳ ಮಕ್ಕಳನ್ನು ಹೊತ್ತ ಆ ಮರದ ಕುದುರೆಗಳ ಚರಿತ್ರೆಯನ್ನು ಕೂಡಿಸಿ ಹೇಳಲು ಒಂದೇ ಊರಿನ ನೆನಪು ಸಾಲದು. ಒಂದು ಊರಿನ ಅಭಿಮಾನಿಗಳ ದಾಖಲೆ ಇನ್ನೊಂದು ಊರಿನವರ ಕೈಸೇರಿದಾಗ ಮಾತ್ರ ಅದು ಪೂರ್ಣಗೊಳ್ಳುತ್ತದೆ.

4. ವಿದಾಯ ದೊರೆಯದ ಸಂದರ್ಭ

ಆಚರಣೆಯ ಮಹತ್ವ ಅದರ ಅಭಾವದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಕ್ಲೀವ್‌ಲ್ಯಾಂಡಿನ ಸಮೀಪದಲ್ಲಿಯೇ ಇದ್ದ ಗಿಯಾಗ ಲೇಕ್ ಉದ್ಯಾನವು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದ್ದಿತು. 2007ರ ಸೆಪ್ಟೆಂಬರ್ 16ರಂದು ಆ ವರ್ಷದ ಹಂಗಾಮು ಮುಗಿಯಿತು. ಸವಾರಿಗಳ ವಿಭಾಗವನ್ನು ಶಾಶ್ವತವಾಗಿ ಮುಚ್ಚಲಾಗಿದೆಯೆಂಬ ಪ್ರಕಟಣೆ ಹೊರಬಿದ್ದದ್ದು ಸೆಪ್ಟೆಂಬರ್ 21ರಂದು, ಅಂದರೆ ಬಾಗಿಲು ಹಾಕಿದ ಐದು ದಿನಗಳ ತರುವಾಯ. ಹದಿನಾರನೆಯ ತಾರೀಖಿನಂದು ಮನೆಗೆ ಮರಳಿದವರು ಎಂದಿನಂತೆ ಮರಳಿದ್ದರು. ತಾವು ಕೊನೆಯ ಬಾರಿ ಏರಿದ್ದು ಕೊನೆಯ ಬಾರಿ ಎಂದು ಅವರಿಗೆ ತಿಳಿದಿರಲಿಲ್ಲ.

ಇಲ್ಲಿ ಕಳೆದುಹೋದದ್ದು ಉದ್ಯಾನವಷ್ಟೇ ಅಲ್ಲ, ಬೀಳ್ಕೊಡುವ ಅವಕಾಶವೂ ಹೌದು. 1925ರಲ್ಲಿ ಕಟ್ಟಿದ ‘ಬಿಗ್ ಡಿಪ್ಪರ್’ ಎಂಬ ಮರದ ಕೋಸ್ಟರ್ 2016ರಲ್ಲಿ ನೆಲಸಮವಾಗುವವರೆಗೂ ಒಂಬತ್ತು ವರ್ಷ ನಿಶ್ಚಲವಾಗಿ, ಪೊದೆಗಳ ನಡುವೆ ನಿಂತಿತ್ತು. ವಾನ್ ಗೆನ್ನೆಪ್ಪನ ಪರಿಭಾಷೆಯಲ್ಲಿ ಹೇಳುವುದಾದರೆ, ಅಗಲಿಕೆಯ ಹಂತ ಲಭಿಸದ ಕಾರಣ ಹೊಸ್ತಿಲಿನ ಸ್ಥಿತಿಯೇ ಲಂಬಿಸಿಹೋಯಿತು. ಯೂಕ್ಲಿಡ್ ಬೀಚ್ ಮತ್ತು ಗಿಯಾಗ ಲೇಕ್ ಒಂದೇ ಸೀಮೆಯ ಎರಡು ಉದ್ಯಾನಗಳು. ಒಂದರ ಕೊನೆ ಮೊದಲೇ ತಿಳಿದದ್ದು, ಇನ್ನೊಂದರದು ಆಮೇಲೆ ತಿಳಿದದ್ದು. ದಿನಾಂಕವನ್ನು ಮುಂಚಿತವಾಗಿ ತಿಳಿಸುವುದು ಒಡೆಯನ ಪಾಲಿಗೆ ವ್ಯಾವಹಾರಿಕ ನಿರ್ಧಾರ. ಸಮುದಾಯದ ಪಾಲಿಗೆ ಅದು ಆಚರಣೆ ನಡೆಯಬೇಕೊ ಬೇಡವೊ ಎಂಬುದನ್ನು ನಿರ್ಣಯಿಸುವ ಸಂಗತಿ.

5. ಒಡೆತನದ ಪ್ರಶ್ನೆ

ಸ್ಟೀಪಲ್‌ಚೇಸ್ ಪಾರ್ಕಿನ ನೆಲವನ್ನು ಕೊಂಡ ಕಟ್ಟಡ ಉದ್ಯಮಿ ಫ್ರೆಡ್ ಟ್ರಂಪ್ 1966ರಲ್ಲಿ ಅಲ್ಲಿನ ಗಾಜಿನ ಭವನವನ್ನು ಕೆಡಹುವ ಸಂದರ್ಭವನ್ನೇ ಒಂದು ಸಂತೋಷಕೂಟವಾಗಿ ಮಾರ್ಪಡಿಸಿದರು. ಆಹ್ವಾನಿತರು ಗಾಜಿಗೆ ಇಟ್ಟಿಗೆ ಎಸೆಯಲು ಅಲ್ಲಿ ಅವಕಾಶವಿತ್ತು. ಇದೂ ಒಂದು ವಿದಾಯವೇ. ಆದರೆ ಒಡೆಯನ ವಿದಾಯ. ಸ್ಥಳವನ್ನು ಮುರಿದು ಮುಕ್ತಾಯಗೊಳಿಸುವ ಆಚರಣೆಗೂ ಸ್ಥಳವನ್ನು ನೆನೆದು ಮುಕ್ತಾಯಗೊಳಿಸುವ ಆಚರಣೆಗೂ ನಡುವಿನ ಅಂತರವನ್ನು ಈ ಘಟನೆ ಎತ್ತಿ ತೋರಿಸುತ್ತದೆ. ಅಲ್ಲಿನ ಪ್ಯಾರಾಚೂಟ್ ಗೋಪುರ ಮಾತ್ರ ಉಳಿದು, 1989ರಲ್ಲಿ ನಗರದ ಸಂರಕ್ಷಿತ ಸ್ಮಾರಕವಾಯಿತು.

ಒಡೆತನದ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿ ವ್ಯಕ್ತವಾಗಿರುವುದು ಫ್ಲಾರಿಡದ ವಾಲ್ಟ್ ಡಿಸ್ನಿ ವರ್ಲ್ಡಿನ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಪ್ರಸಂಗದಲ್ಲಿ. ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿಯ ಕಪ್ಪೆ ನಾಯಕನನ್ನು ಆಧರಿಸಿದ ಈ ಸವಾರಿ 1971ರ ಅಕ್ಟೋಬರ್ 1ರಂದು ಆರಂಭವಾಗಿತ್ತು. ಇದನ್ನು ಮುಚ್ಚುವ ಸುದ್ದಿ ತಿಳಿದಾಗ ಅಭಿಮಾನಿಗಳು ಹಸುರು ಅಂಗಿ ತೊಟ್ಟು, ಟಿಕೆಟ್ಟು ಕೊಂಡು, ಉದ್ಯಾನದೊಳಗೇ ಸೇರಿ ಶಾಂತ ಪ್ರತಿಭಟನೆ ನಡೆಸಿದರು. ಪ್ರತಿಭಟನೆ ಫಲಿಸಲಿಲ್ಲ. 1998ರ ಸೆಪ್ಟೆಂಬರ್ 7ರಂದು ಸವಾರಿ ನಿಂತಿತು. 1999ರಲ್ಲಿ ಅದೇ ಕಟ್ಟಡದಲ್ಲಿ ವಿನ್ನಿ ದ ಪೂ ಕಥೆಯ ಸವಾರಿ ಬಂದಿತು. ಈ ಹೊಸ ಸವಾರಿಯ ಒಳಗೋಡೆಯ ಮೇಲೆ, ಟೋಡ್ ಮಹಾಶಯನು ಗೂಬೆಗೆ ಮನೆಯ ಹಕ್ಕುಪತ್ರವನ್ನು ಒಪ್ಪಿಸುತ್ತಿರುವ ಚಿತ್ರವೊಂದನ್ನು ವಿನ್ಯಾಸಕಾರರು ಇರಿಸಿದರು. ಅದೇ ಉದ್ಯಾನದ ‘ಹಾಂಟೆಡ್ ಮ್ಯಾನ್ಷನ್’ ಪಕ್ಕದ ಸಾಕುಪ್ರಾಣಿಗಳ ಹುಸಿ ಸ್ಮಶಾನದಲ್ಲಿ ಟೋಡನ ಪ್ರತಿಮೆಯೂ ಇದೆ.

ಈ ಎರಡು ಗುರುತುಗಳನ್ನು ಕೇವಲ ವಿನೋದವೆಂದು ಪರಿಗಣಿಸುವುದು ಸರಿಯಾಗದು. ಸ್ಮಶಾನದ ಪ್ರತಿಮೆ ಮರಣವನ್ನು ಒಪ್ಪಿಕೊಳ್ಳುತ್ತದೆ. ಹಕ್ಕುಪತ್ರದ ಚಿತ್ರ ಹಸ್ತಾಂತರವನ್ನು ಚಿತ್ರಿಸುತ್ತದೆ. ಸವಾರಿಯನ್ನು ತೆಗೆದುಹಾಕಿದ ಸಂಸ್ಥೆಯೊಳಗಿನ ಕಲಾವಿದರೇ ಹಿಂದಿನದನ್ನು ಗೌರವದಿಂದ ಕಳುಹಿಸಿಕೊಡುವ ಕ್ರಿಯೆಯನ್ನು ಪೂರೈಸಿದಂತಾಯಿತು. ಕನ್ನಡನಾಡಿನ ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವಿದೆ. ಅಲ್ಲಿನ ಹಾಡುಗಳಲ್ಲಿ ಅಗಲಿಕೆಯ ಅಳಲಿನೊಡನೆ, ಮುಂದೆ ನೋಡಿಕೊಳ್ಳುವವರಿಗೆ ಒಪ್ಪಿಸುವ ಜವಾಬ್ದಾರಿಯೂ ಸೇರಿರುತ್ತದೆ. ಒಪ್ಪಿಸುವ ಕ್ರಿಯೆಯಿಲ್ಲದ ಅಗಲಿಕೆ ಅಪೂರ್ಣ ಎಂಬ ಈ ಗ್ರಹಿಕೆ ಟೋಡನ ಪ್ರಸಂಗವನ್ನು ಅರ್ಥೈಸಲು ಸಹಾಯಕವಾಗುತ್ತದೆ.

6. ಯಾರ ನೆನಪು?

ಆದರೆ ವಿದಾಯದ ಆಚರಣೆಯನ್ನು ನಿಷ್ಕಳಂಕವೆಂದು ಭಾವಿಸಲಾಗದು. ‘ನಮ್ಮ ಸ್ಥಳ’ ಎಂದು ಹೇಳುವಾಗ ಆ ‘ನಮ್ಮ’ ಎಂಬುದರಲ್ಲಿ ಯಾರು ಸೇರಿದ್ದಾರೆ, ಯಾರು ಹೊರಗುಳಿದಿದ್ದಾರೆ ಎಂಬುದನ್ನು ಕೇಳಬೇಕಾಗುತ್ತದೆ. ಯೂಕ್ಲಿಡ್ ಬೀಚ್ ಪಾರ್ಕಿನ ನೃತ್ಯಾಂಗಣ ಮೊದಲಾದ ಕಡೆಗಳಲ್ಲಿ ಕಪ್ಪು ಜನರಿಗೆ ಸಮಾನ ಪ್ರವೇಶವಿರಲಿಲ್ಲ. ಇದರ ವಿರುದ್ಧ 1946ರಲ್ಲಿ ಪ್ರತಿಭಟನೆಗಳು ನಡೆದವು. ಅದೇ ಉದ್ಯಾನ ಒಬ್ಬರ ನೆನಪಿನಲ್ಲಿ ಬಾಲ್ಯದ ಸ್ವರ್ಗ, ಇನ್ನೊಬ್ಬರ ನೆನಪಿನಲ್ಲಿ ಬಾಗಿಲಲ್ಲೇ ತಡೆದ ಕೈ.

ಡಿಸ್ನಿಯ ‘ಸ್ಪ್ಲಾಷ್ ಮೌಂಟನ್’ ಸವಾರಿಯ ಮುಕ್ತಾಯ ಈ ದ್ವಂದ್ವವನ್ನು ಮತ್ತೆ ಮುಂದಿಟ್ಟಿತು. 1946ರ ‘ಸಾಂಗ್ ಆಫ್ ದ ಸೌತ್’ ಚಲನಚಿತ್ರದ ಪಾತ್ರಗಳನ್ನು ಅದು ಆಧರಿಸಿತ್ತು. ಆ ಚಿತ್ರದ ಮೂಲವಾದ ಮೊಲದ ಕಥೆಗಳು ಆಫ್ರಿಕನ್ ಅಮೆರಿಕನ್ನರ ಮೌಖಿಕ ಪರಂಪರೆಗೆ ಸೇರಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತ ಅವುಗಳನ್ನು ತನ್ನ ನಿರೂಪಣೆಯ ಚೌಕಟ್ಟಿನೊಳಗೆ ಬರೆದಿಟ್ಟಿದ್ದ. ಗುಲಾಮಗಿರಿಯ ನೋವಿನಲ್ಲಿ ಹುಟ್ಟಿ, ದುರ್ಬಲನು ಜಾಣ್ಮೆಯಿಂದ ಬಲಿಷ್ಠನನ್ನು ಗೆಲ್ಲುವುದನ್ನು ಹೇಳುತ್ತಿದ್ದ ಕಥೆಗಳು ತೆರೆಯ ಮೇಲೆ ತೋಟಗಳ ಬದುಕನ್ನು ಹಿತವಾಗಿ ಚಿತ್ರಿಸುವ ಕಥನದ ಭಾಗವಾದವು. ಈ ಕಾರಣಕ್ಕೆ ಬಹುಕಾಲ ಟೀಕೆಗೊಳಗಾದ ಸವಾರಿ 2023ರಲ್ಲಿ, ಫ್ಲಾರಿಡದಲ್ಲಿ ಜನವರಿಯಲ್ಲೂ ಕ್ಯಾಲಿಫೋರ್ನಿಯದಲ್ಲಿ ಮೇ ಕೊನೆಯಲ್ಲೂ ಮುಚ್ಚಿತು. ಕೊನೆಯ ದಿನಗಳಲ್ಲಿ ಸವಾರಿಯ ನೀರನ್ನು ಸೀಸೆಗಳಲ್ಲಿ ತುಂಬಿಕೊಂಡವರಿದ್ದರು. ಅಂಥ ಸೀಸೆಗಳು ಮಾರಾಟಕ್ಕೂ ಬಂದವು. 2024ರಲ್ಲಿ ಅದೇ ನೀರಿನ ಹಾದಿಯಲ್ಲಿ ಕಪ್ಪು ರಾಜಕುಮಾರಿ ಟಿಯಾನಳ ಕಥೆಯ ಸವಾರಿ ಆರಂಭವಾಯಿತು.

ಸೀಸೆಯ ನೀರನ್ನು ತೀರ್ಥದಂತೆ ಕಾಪಾಡಿದವರ ಭಾವನೆಯನ್ನು ಹುಸಿಯೆನ್ನಲಾಗದು. ಟೀಕಿಸಿದವರ ನೋವನ್ನೂ ಅಲ್ಲಗಳೆಯಲಾಗದು. ಜಾನಪದ ಅಧ್ಯಯನಕಾರನ ಕೆಲಸ ಇವೆರಡರಲ್ಲಿ ಒಂದನ್ನು ಆರಿಸುವುದಲ್ಲ. ಮುಕ್ತಾಯದ ಸಂದರ್ಭವು ಸಮುದಾಯವನ್ನು ಒಗ್ಗೂಡಿಸುವಂತೆಯೇ ಅದರ ಒಳಗಿನ ಬಿರುಕುಗಳನ್ನೂ ಕಾಣಿಸುತ್ತದೆ ಎಂಬುದನ್ನು ದಾಖಲಿಸುವುದು.

7. ಸಮುದಾಯವೇ ಬೀಳ್ಕೊಂಡಾಗ

ಕೊನೆಯದಾಗಿ, ಅಭಿಮಾನಿಗಳ ಕೂಟವೇ ಮುಗಿಯುವ ಸಂದರ್ಭವನ್ನು ಪರಿಗಣಿಸಬೇಕು. ಡಿಸ್ನಿಲ್ಯಾಂಡಿನಲ್ಲಿ ಎ, ಬಿ, ಸಿ ಎಂದು ವರ್ಗೀಕರಿಸಿದ ಚೀಟಿಗಳಿದ್ದ ಕಾಲದಲ್ಲಿ, 1959ರಿಂದ, ಅತ್ಯುತ್ತಮ ಸವಾರಿಗಳಿಗೆ ‘ಇ’ ಚೀಟಿ ಬೇಕಾಗುತ್ತಿತ್ತು. 1982ರಲ್ಲಿ ಈ ಪದ್ಧತಿ ರದ್ದಾಯಿತು. ರದ್ದಾದ ಆ ಚೀಟಿಯ ಹೆಸರನ್ನೇ ಇಟ್ಟುಕೊಂಡು ಜಾಕ್ ಮತ್ತು ಲಿಯಾನ್ ಜಾನ್ಜೆನ್ ಸಹೋದರರು 1986ರಲ್ಲಿ ‘ದಿ ಇ ಟಿಕೆಟ್’ ಎಂಬ ಅಭಿಮಾನಿ ಪತ್ರಿಕೆಯನ್ನು ಹೊರತಂದರು. ಅಳಿದುಹೋದ ಸವಾರಿಗಳ ಚಿತ್ರಗಳು, ಅವುಗಳನ್ನು ರೂಪಿಸಿದವರ ಸಂದರ್ಶನಗಳು ಅದರಲ್ಲಿ ಪ್ರಕಟವಾದವು. ಎರಡು ದಶಕಗಳಿಗೂ ಮಿಕ್ಕಿ ನಡೆದ ಪತ್ರಿಕೆ 2009ರಲ್ಲಿ ನಿಂತಿತು. ಅದರ ಸಂಚಿಕೆಗಳ ಹಕ್ಕು ವಾಲ್ಟ್ ಡಿಸ್ನಿ ಫ್ಯಾಮಿಲಿ ಫೌಂಡೇಷನ್ನಿಗೆ ಸೇರಿತು.

ವಿದಾಯದಲ್ಲಿ ಹುಟ್ಟಿದ ಪತ್ರಿಕೆಯೊಂದು ತನ್ನ ವಿದಾಯವನ್ನು ಒಪ್ಪಿಸುವ ಕ್ರಿಯೆಯ ಮೂಲಕ ಪೂರೈಸಿದ ನಿದರ್ಶನವಿದು. ಕೂಟ ಮುಗಿಯುವುದು ಸಹಜ. ಸದಸ್ಯರಿಗೆ ವಯಸ್ಸಾಗುತ್ತದೆ, ಮುಂದಾಳುಗಳು ದಣಿಯುತ್ತಾರೆ, ಹೊಸಬರು ಬೇರೆಡೆಗೆ ತಿರುಗುತ್ತಾರೆ. ಆದರೆ ಕೂಟದೊಡನೆ ಅದು ಕೂಡಿಟ್ಟ ತಿಳಿವಳಿಕೆಯೂ ಚದುರಿಹೋದರೆ, ಅಳಿದ ಸ್ಥಳವು ಎರಡನೆಯ ಬಾರಿ ಅಳಿಯುತ್ತದೆ. ಉದ್ಯಾನ ಮುಚ್ಚಿದಾಗ ಅದನ್ನು ಬೀಳ್ಕೊಡಲು ಅಭಿಮಾನಿಗಳಿದ್ದರು. ಅಭಿಮಾನಿಗಳು ಬೀಳ್ಕೊಳ್ಳುವಾಗ ಅವರನ್ನು ಬೀಳ್ಕೊಡಲು ಯಾರಾದರೂ ಇರಬೇಕು. ಆ ಸ್ಥಾನದಲ್ಲಿ ನಿಲ್ಲಬೇಕಾದವರು ಗ್ರಂಥಪಾಲಕರು, ಸಂಗ್ರಾಹಕರು ಮತ್ತು ಸಂಶೋಧಕರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟಪಡುತ್ತವೆ. ಒಂದು, ಕೊಳ್ಳುವ ಸಂಬಂಧದಿಂದ ಆರಂಭವಾದ ಗುಂಪು ಬೀಳ್ಕೊಡುವ ಕ್ರಿಯೆಯಲ್ಲಿ ಜನಪದವಾಗಿ ಪರಿವರ್ತನೆ ಹೊಂದುತ್ತದೆ. ತನ್ನದಲ್ಲದ ಸ್ಥಳದ ಮೇಲೆ ನೆನಪಿನ ಹಕ್ಕನ್ನು ಅದು ಸ್ಥಾಪಿಸಿಕೊಳ್ಳುತ್ತದೆ. ಎರಡು, ಆ ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಹೊರಗೆ ನಿಂತವರ ನೆನಪಿಗೂ ಅಲ್ಲಿ ಎಡೆಯಿರಬೇಕು. ಮೂರು, ವಿದಾಯವು ಒಪ್ಪಿಸುವುದರಲ್ಲಿ ಪೂರ್ಣಗೊಳ್ಳುತ್ತದೆ.

ಕರ್ನಾಟಕದಲ್ಲಿಯೂ ಹವ್ಯಾಸ, ಅಭಿರುಚಿ, ಅಭಿಮಾನಗಳ ಸುತ್ತ ರೂಪುಗೊಂಡ ಕೂಟಗಳು ಅನೇಕವಿವೆ. ಕ್ಷೇತ್ರಕಾರ್ಯವೆಂದರೆ ಹಳೆಯದನ್ನು ಹುಡುಕಿ ಹೋಗುವುದೆಂಬ ತಿಳಿವಳಿಕೆ ಕನ್ನಡ ವಿಭಾಗಗಳಲ್ಲಿ ಇನ್ನೂ ಪ್ರಬಲವಾಗಿದೆ. ಮುಗಿಯುತ್ತಿರುವ ಕೂಟವೊಂದರ ಕೊನೆಯ ಸಭೆಗೆ ಹೋಗಿ, ಅಲ್ಲಿ ಯಾರು ಏನು ಹೇಳಿದರು, ಯಾವ ವಸ್ತು ಯಾರ ಕೈಸೇರಿತು, ಯಾರು ಬಂದಿರಲಿಲ್ಲ ಎಂಬುದನ್ನು ಬರೆದುಕೊಳ್ಳುವುದೂ ಕ್ಷೇತ್ರಕಾರ್ಯವೇ. ಅದಕ್ಕೆ ಕಾಲಮಿತಿಯಿದೆ: ಸದಸ್ಯರು ಚದುರಿದ ಮೇಲೆ ಕೇಳಲು ಯಾರೂ ಉಳಿದಿರುವುದಿಲ್ಲ.